ಅಮಾಸಿಯ ಲೋಡು

ಹೊಸಪೇಟೆಯಲ್ಲಿ ಗಣಿಯ ಕೆಂಪು ಮಣ್ಣು ಮುಟ್ಟಿದವರೆಲ್ಲ ಕಾರು ಕೊಂಡ ಕಾಲವದು. ಶ್ರೀಪತಿ ಆಚಾರರು ಮಾತ್ರ ಸಾಹುಕಾರ ಎರ್ರಿಯಪ್ಪನವರ ಲಾರಿ ಆಫೀಸಿನಲ್ಲಿ ಗುಮಾಸ್ತರಾಗಿಯೇ ಉಳಿದಿದ್ದರು. ಅದರ ಕೊರಗೇನೂ ಅವರಿಗಿರಲಿಲ್ಲ. ಸಂಡೂರಿನಲ್ಲಿ ಲಾರಿ ತೂಗುವ ಕಟ್ಟೆಯಿಂದ ಬಂದ ಲೆಕ್ಕದಲ್ಲಿ ಹಿಂದಿನ ದಿನದ್ದಷ್ಟನ್ನೇ ಆರಿಸಿಟ್ಟುಕೊಂಡು ಕುಳಿತರೆ, ಅದಿರು ಹಡಗಿಗೇರುವ ಬಂದರಿನಲ್ಲಿ ಬೀಡುಬಿಟ್ಟಿದ್ದ ಸಾಹುಕಾರರೇ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದರು. "ಏನ್ರಿ ಆಚಾರ್ರ, ನಿನ್ನಿ ಎಷ್ಟು ಲೋಡು?" ಆ ಒಂದು ಮಾತಿನ ಮೇಲೆ ಆಚಾರರು ಇಡೀ ದಿನ ಎದೆಯುಬ್ಬಿಸಿ ಓಡಾಡುತ್ತಿದ್ದರು.

2008ರ ಕಾರ್ತಿಕ ಮಾಸ ಮುಗಿಯುತ್ತಲೇ ಚಿತ್ತವಾಡ್ಗಿಯ ಚಂದ್ರಕಲಾ ಕೆಲಸಕ್ಕೆ ಸೇರಿದಳು. ಬಂದವಳು ಸುಮ್ಮನಿರಬಾರದೇ? ಕಂಪ್ಯೂಟರೇ ತಾರೀಖು ನೋಡಿ ಲೆಕ್ಕ ಆಯ್ದುಕೊಂಡು, ಬೆಳಗಾಗುವುದರೊಳಗೆ ಇಂಟರ್‌ನೆಟ್ಟಿನ ಶೀಟಿಗೆ ಹಾಕುವಂತೆ ಮಾಡಿಬಿಟ್ಟಳು. ಸಾಹುಕಾರರು ಹಾಸಿಗೆಯಲ್ಲೇ ಲ್ಯಾಪ್‌ಟಾಪ್ ತೆರೆದು ನೋಡತೊಡಗಿದರು. ಫೋನು ನಿಂತಿತು. ಬಂದರಿನಿಂದ ಗೋಡಂಬಿಯ ಡಬ್ಬಿ ಬಂತು, ಅದೂ ಅವಳ ಹೆಸರಿಗೆ.

"ನೀವೂ ಒಂದೆರಡು ತಗೋರಿ ಆಚಾರ್ರ."

"ಬ್ಯಾಡವ್ವ, ಪಿತ್ತ," ಎಂದರು ಆಚಾರರು. ಪಿತ್ತವಲ್ಲ, ಹೊಟ್ಟೆಕಿಚ್ಚು.

ಆದರೂ ಅವರಲ್ಲೊಂದು ಆಸೆ ಉಳಿದಿತ್ತು. ಅಮಾವಾಸ್ಯೆಯ ದಿನ ಡ್ರೈವರುಗಳು ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಮಲಗುತ್ತಿದ್ದರು. ಒಂದು ಲಾರಿಯೂ ಕದಲುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಸೊನ್ನೆಯ ಮುಖ ನೋಡಿದರೆ ಸಾಹುಕಾರರು ಸಿಡಿಯುತ್ತಾರೆಂದು ಆಚಾರರು ಮುಂಚಿನ ದಿನದ ಒಂದಷ್ಟು ಲೋಡು ಹಿಡಿದಿಟ್ಟು ಅಮಾವಾಸ್ಯೆಗೆ ಬಡಿಸುತ್ತಿದ್ದರು. ತಿಂಗಳ ಕೊನೆಗೆ ಎಲ್ಲ ಸರಿಹೋಗುತ್ತಿತ್ತು. ಈ ಮರ್ಮವನ್ನು ಚಂದ್ರಕಲಾಗೆ ಹೇಳಿಕೊಡಬೇಕಿತ್ತು. ಹೇಳಲಿಲ್ಲ. ಎಳ್ಳಮಾವಾಸ್ಯೆಯ ದಾರಿ ಕಾಯುತ್ತ ಕುಳಿತರು.

ಅಮಾವಾಸ್ಯೆ ಬಂತು, ಹೋಯಿತು. ಮರುದಿನ ಬೆಳಿಗ್ಗೆ ಆಚಾರರ ಫೋನೇ ಬಡಿದುಕೊಂಡಿತು! ಅವರು ಎದ್ದು ನಿಂತು ಎತ್ತಿದರು.

"ನಿನ್ನಿ ಸೊನ್ನಿ ತೋರಸ್ತದಲ್ರಿ, ಏನಾತು?"

"ಮಿಷಿನ್ನಿಗೇನ್ ತಿಳೀತದ್ರಿ ಸಾವ್ಕಾರ್ರ, ಸೊನ್ನಿ ತೋರಸಬಾರದು ಅಂತ? ಆ ಹುಡುಗಿಗೆ ಬಿಟ್ರ ಹಿಂಗಽ. ನಾನಿದ್ದಾಗ ಒಂದ್ ಅಮಾಸಿಗಾದ್ರೂ ಸೊನ್ನಿ ಬಂದಿತ್ತೇನ್ರಿ? ಹಿಂದಿನ ದಿನದ ಲೋಡು ಉಳಿಸಿ ಹಾಕ್ತಿದ್ದೆ!"

ಸಾಹುಕಾರರ ದನಿ ಏರಿತು.

"ಅಂದ್ರ ನನ್ನ ಲಾರಿ ಒಂದ್ ಅಮಾಸಿಗೂ ಓಡಿಲ್ಲ? ಇಲ್ಲಿ ಎಲ್ಲಾರ ಮುಂದ, ನಮ್ಮವು ಅಮಾಸಿಗೂ ನಿಲ್ಲಂಗಿಲ್ಲ ಅಂತ ಮೀಸಿ ತಿರುವೀನಲ್ರಿ! ಫೋನು ಚಂದ್ರಕಲಾಗ ಕೊಡ್ರಿ."

ಆಚಾರರು ಕೊಟ್ಟರು. ಅವಳು "ಹ್ಞೂಂರಿ, ಹ್ಞೂಂರಿ" ಎಂದು ಕೇಳಿಸಿಕೊಂಡು, ಕೀಲಿಮಣೆಯ ಮೇಲೆ ಕೈಯಿಟ್ಟು ತಿರುಗಿದಳು.

"ಆಚಾರ್ರ, ಹಳೇ ಲೆಕ್ಕದಾಗಿನ ಅಮಾಸಿ ಲೋಡು ಎಲ್ಲಾ ಅಳಿಸಿ ಸೊನ್ನಿ ಹಾಕಬೇಕಂತ. ತಾರೀಖು ಹೇಳ್ರಿ, ನನಗ ತಿಳ್ಯಂಗಿಲ್ಲ."

ಅಳಿಸಬೇಕಾದದ್ದು ಆಚಾರರೇ ಬಡಿಸಿದ ಲೋಡು. ಆದರೂ ಪಂಚಾಂಗದ ಮಾತು ಬಂದಾಗ ಸುಮ್ಮನಿರುವುದು ಅವರ ವಂಶದಲ್ಲೇ ಇರಲಿಲ್ಲ.

"ಮಹಾಲಯ ಅಮಾಸಿ, ಸೆಪ್ಟೆಂಬರ್ ಇಪ್ಪತ್ತೊಂಬತ್ತು," ಎಂದರು. ಅವಳು ಒತ್ತಿದಳು. ಆಚಾರರು ಕತ್ತು ಚಾಚಿ ನೋಡಿದರು. "ಇಪ್ಪತ್ತೆಂಟಲ್ಲವ್ವ, ಇಪ್ಪತ್ತೊಂಬತ್ತು. ಸರಿಯಾಗಿ ಹಾಕು."