ತಿರಕಪ್ಪನ ಎತ್ತರದ ಸೈಲೆನ್ಸರ್

ಬ್ಯಾಡಗಿಯ ಲೈನ್‌ಮನ್ ತಿರಕಪ್ಪನ ಮನೆಯಲ್ಲಿ ಒಂದು ಮೋಟಾರ್ ಸೈಕಲ್ ಇತ್ತು, ಆದರೆ ಅದು ಎಂದೂ ಒಂದೇ ಜಾಗದಲ್ಲಿ ಇರುತ್ತಿರಲಿಲ್ಲ. ಪೆಟ್ರೋಲ್ ಟಾಕಿ ಪಡಸಾಲೆಯಲ್ಲಿದ್ದರೆ ಕಾರ್ಬೊರೇಟರ್ ಒಲೆಯ ಮಗ್ಗುಲಿಗೆ, ಚೈನು ಚಿಮಣಿ ಎಣ್ಣೆ ಹಾಕಿದ ಪರಾತದಲ್ಲಿ. ಹೆಂಡತಿ ಚೌಡವ್ವ ರೊಟ್ಟಿಹಿಟ್ಟು ನಾದಲು ಪರಾತ ಹುಡುಕಿದಾಗಲೆಲ್ಲ ತಿರಕಪ್ಪ ಒಂದೇ ಮಾತು ಹೇಳುತ್ತಿದ್ದ, "ನಾಳೆ ಕೊಡ್ತೇನಿ, ಇವತ್ತ ನೆನೀಲಿ." ಹಾಗೆ ನೆನೆದ ಚೈನಿಗೆ ಹದಿನಾರು ವರ್ಷವಾಗಿತ್ತು.

ಗಾಡಿ ಮಾತ್ರ ಸಾಮಾನ್ಯದ್ದಲ್ಲ. ಎತ್ತರದ ಮೈ, ಮುಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಒಂದು ಗೇಣು ಅಂತರ. ಡಾಂಬರಿಗೂ ಸೈ, ಎರೆಮಣ್ಣಿಗೂ ಸೈ. ಮದುವೆಯ ವರ್ಷವೇ ಅದನ್ನು ಗುಜರಿಯಿಂದ ತಂದಿದ್ದ. ಯಾವ ಕಂಪನಿಯದೆಂದು ಟಾಕಿಯ ಮೇಲೆ ಬರೆದದ್ದು ಅವನ ಒರೆಸಾಟಕ್ಕೇ ಅಳಿಸಿಹೋಗಿತ್ತು. ರಾಣೆಬೆನ್ನೂರಿನಿಂದ ಅಗಲ ಹ್ಯಾಂಡಲ್ ತಂದ, ಗಟ್ಟಿ ಶಾಕ್ ಅಬ್ಸಾರ್ಬರ್ ತಂದ, ಹಲ್ಲು ಹಲ್ಲಿನ ಟೈರು ತಂದ. ಒಂದನ್ನು ಜೋಡಿಸುವಾಗ ಇನ್ನೊಂದು ಹಳೆಯದಾಗಿ ಕಾಣುತ್ತಿತ್ತು, ಅದನ್ನು ಬಿಚ್ಚುತ್ತಿದ್ದ. ಡ್ಯೂಟಿಗೆ ಹೋಗುವುದು ಸೈಕಲ್ ಮೇಲೆ. ಇಂಥ ಮನುಷ್ಯನಿಗೆ ಬುದ್ಧಿ ಹೇಳಲು ಹೋದವರೇ ಅರ್ಧ ತಾಸು ಪಿಸ್ಟನ್ನಿನ ಕತೆ ಕೇಳಿ ವಾಪಸ್ಸಾಗುತ್ತಿದ್ದರು.

ಚೌಡವ್ವ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸದವಳು. ಅವಳ ತವರು ಕಾಗಿನೆಲೆಯಿಂದಾಚೆ, ಒಂದು ಹಳ್ಳ ದಾಟಿದರೆ ಸಿಗುವ ಸಣ್ಣ ಊರು. ಹೊಸ ಮದುಮಗಳಾಗಿದ್ದಾಗ ತಿರಕಪ್ಪ ಮಾತು ಕೊಟ್ಟಿದ್ದ, ಪಂಚಮಿಗೆ ನಿನ್ನನ್ನು ಈ ಗಾಡಿಯ ಮೇಲೆ ಕೂರಿಸಿಕೊಂಡೇ ತವರಿಗೆ ಒಯ್ಯುತ್ತೇನೆ ಎಂದು. ಆಮೇಲೆ ಹದಿನಾರು ಪಂಚಮಿ ಬಂದು ಹೋದವು. ಪ್ರತಿ ಸಲ ಅವಳ ಅಣ್ಣ ಬಸ್ಸಿನಲ್ಲಿ ಬಂದು, ಕಳಚಿಟ್ಟ ಗಾಡಿಯನ್ನು ಒಮ್ಮೆ ನೋಡಿ, ತಂಗಿಯನ್ನು ಕರೆದುಕೊಂಡು ಹೋಗುತ್ತಿದ್ದ.

೨೦೦೫ರ ಆಷಾಢದ ಕೊನೆಗೆ, ಪಂಚಮಿ ಇನ್ನೂ ಎಂಟು ದಿನ ಇರುವಾಗ, ಚೌಡವ್ವ ಶೇಂಗಾ ಹುರಿಯುತ್ತ ತಣ್ಣಗೆ ಹೇಳಿದಳು.

"ಅಣ್ಣಗ ಈ ಸಲ ಕರಿಯಾಕ ಬರಬ್ಯಾಡ ಅಂತ ಹೇಳಿ ಕಳಿಸೇನ್ರಿ. ಗಾಡಿ ಮ್ಯಾಲ ಬರ್ತೇವಿ ಅಂದೇನಿ."

ತಿರಕಪ್ಪ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟ. "ಯಾರನ್ನ ಕೇಳಿ ಹೇಳಿದಿ?"

"ನೀವ ಹೇಳಿದ್ರೆಲ್ಲ, ಹದಿನಾರ ವರ್ಷದ ಹಿಂದ. ಹೋಗಲಿಲ್ಲಂದ್ರ ತವರಿನ್ಯಾಗ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ?"

ಹದಿನಾರು ವರ್ಷದಲ್ಲಿ ಮೊದಲ ಸಲ ತಿರಕಪ್ಪನಿಗೆ ನಿಜವಾಗಿ ನಾಚಿಕೆಯಾಯಿತು. ಅವತ್ತೇ ಕುಳಿತು ಗಾಡಿಯನ್ನು ಪೂರಾ ಜೋಡಿಸಿದ. ಜೋಡಿಸಿ ಮುಗಿದ ಮೇಲೆ ಸುಮ್ಮನಿರಬೇಕಿತ್ತು. ಆದರೆ ಸೈಲೆನ್ಸರ್ ಕೆಳಗೆ ಜೋತಾಡುತ್ತಿದೆ, ಹಳ್ಳದ ನೀರು ಒಳಗೆ ಹೋಗಿ ಗಾಡಿ ನಡುವೆ ನಿಂತರೆ ಗತಿಯೇನು ಎಂಬ ಹುಳ ತಲೆಗೆ ಹೊಕ್ಕಿತು. ಪೈಪನ್ನು ಬಗ್ಗಿಸಿ ಸೀಟಿನ ಮಟ್ಟಕ್ಕೆ ಎತ್ತಬೇಕು ಎಂದು ನಿಶ್ಚಯಿಸಿದ.

ವೆಲ್ಡಿಂಗ್ ಅಂಗಡಿಯ ಮಲ್ಲಿಕಸಾಬ ಉಪಾಯ ಹೇಳಿದ. "ತಿರಕಪ್ಪಣ್ಣ, ಖಾಲಿ ಪೈಪ್ ಬಗ್ಗಿಸಿದ್ರ ಚಪ್ಪಟಿ ಆಕ್ಕೈತಿ. ಒಣಾ ಉಸುಕು ಗಚ್ಚ ತುಂಬಿ, ಎರಡೂ ಬಾಯಿಗೆ ಗೂಟಾ ಹೊಡದು, ಕೆಂಪಗ ಕಾಸಿ ಬಗ್ಗಿಸು."

ಉಪಾಯವೇನೋ ಸರಿಯೇ. ಆದರೆ ಜಿಟಿಜಿಟಿ ಮಳೆಗೆ ಬ್ಯಾಡಗಿಯಲ್ಲಿ ಒಣ ಉಸುಕು ಎಂಬುದೇ ಇರಲಿಲ್ಲ. ಊರಲ್ಲಿ ಒಣಗಿದ್ದು ಒಂದೇ ವಸ್ತು, ಗೋದಾಮಿನ ಮೆಣಸಿನಕಾಯಿ ಬೀಜ. ನೆಲದ ಮೇಲೆ ಗುಡಿಸಿದಷ್ಟೂ ಸಿಗುತ್ತದೆ, ಉಸುಕಿನಷ್ಟೇ ಸಣ್ಣ. ತಿರಕಪ್ಪ ಎರಡು ಸೇರು ತಂದು ಪೈಪಿಗೆ ಜಡಿದು ಜಡಿದು ತುಂಬಿದ, ಗೂಟ ಹೊಡೆದ, ಇದ್ದಿಲಿನ ಮೇಲೆ ಇಟ್ಟು ತಿದಿ ಒತ್ತಿದ.

ಪೈಪು ಬಹಳ ಚೆನ್ನಾಗಿ ಬಗ್ಗಿತು. ಅದನ್ನು ನೋಡಲು ಮಾತ್ರ ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಘಾಟು ಏಳುತ್ತಲೇ ಜನ ಕಾಲಿಗೆ ಬುದ್ಧಿ ಹೇಳಿದ್ದರು. ನಾಯಿಗಳು ಮೂರು ದಿನ ಆ ಕಡೆ ಸುಳಿಯಲಿಲ್ಲ. ತಿರಕಪ್ಪ ಕಣ್ಣೀರು ಸುರಿಸುತ್ತ ಗೂಟ ಕಿತ್ತು ಬಡಿದರೆ ಅರ್ಧ ಬೀಜ ಉದುರಿತು, ಉಳಿದರ್ಧ ಒಳಗೇ ಸುಟ್ಟು ಗಚ್ಚಾಗಿ ಕೂತಿತು. ಹೊಗೆ ಹೋಗುವಷ್ಟು ದಾರಿ ಇದೆಯಲ್ಲ, ಸಾಕು ಎಂದು ಗಾಡಿಗೆ ಬಿಗಿದ.

ಪಂಚಮಿಗೆ ಮೂರು ದಿನ ಮೊದಲು ಅಂಗಳದಲ್ಲಿ ಕಿಕ್ ಹೊಡೆದ. ಗಾಡಿ ಶುರುವಾಯಿತು! ಪೈಪು ಕಾದಂತೆ ಘಾಟೂ ಬಂತು. ಆಗಲೇ ಎದುರುಮನೆಯ ಸಕೀನಾಬಿ, ನಾಲ್ಕು ದಿನದಿಂದ ಹಟಮಾಡಿ ಅಳುತ್ತಿದ್ದ ಮೊಮ್ಮಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಕಡೆ ಬಂದಿದ್ದಳು. ಕೂಸು ಏಳು ಸಲ ಸೀನಿತು, ಒಮ್ಮೆ ನಕ್ಕಿತು, ಮಲಗಿಬಿಟ್ಟಿತು.

"ಯಾ ಅಲ್ಲಾ, ದೃಷ್ಟಿ ಇಳೀತು!" ಎಂದಳು ಸಕೀನಾಬಿ.

ದೃಷ್ಟಿ ತೆಗೆಯಲು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವುದು ಯಾರಿಗೆ ಗೊತ್ತಿಲ್ಲ? ಘಾಟು ಬಂದರೆ ಏನೂ ಇಲ್ಲ, ಬರದಿದ್ದರೆ ದೃಷ್ಟಿ ಜೋರಾಗಿಯೇ ತಗುಲಿದೆ ಎಂದು ಲೆಕ್ಕ. ಈಗ ಒಲೆಯೇ ಚಕ್ರ ಕಟ್ಟಿಕೊಂಡು ಬಂದಿದೆ ಎಂದರೆ ಜನ ಬಿಟ್ಟಾರೆಯೇ? ಮರುದಿನ ಹೊತ್ತು ಮೂಡುವಾಗಲೇ ಅಂಗಳದಲ್ಲಿ ಸಾಲು. ಕೂಸುಗಳು, ಹಾಲು ಕೊಡದ ಎಮ್ಮೆ, ನಿಶ್ಚಯವಾದ ವರ, ಹೊಸ ಆಟೋ. ಆಟೋ ಕೆಮ್ಮಲಿಲ್ಲವಾದ್ದರಿಂದ ಅದಕ್ಕೆ ಭಾರೀ ದೃಷ್ಟಿ ತಗುಲಿದೆಯೆಂದು ತೀರ್ಮಾನವಾಗಿ, ಮೂರು ಸಲ ಹಿಂದೆ ಮುಂದೆ ಮಾಡಿ ಹೊಗೆ ಕುಡಿಸಿದರು.

"ನಾ ಲೈನ್‌ಮನ್ ಅದೇನ್ರಪಾ, ಮಂತ್ರವಾದಿ ಅಲ್ಲ," ಎಂದು ತಿರಕಪ್ಪ ಕೂಗಿದ. ಆದರೆ ಸುಳ್ಳು ಯಾಕೆ, ಒಳಗೊಳಗೆ ಹಿಗ್ಗಿದ್ದ. ಹದಿನಾರು ವರ್ಷ ನಕ್ಕ ಊರು ಈಗ ಗಾಡಿಗೆ ಕೈಮುಗಿಯುತ್ತಿತ್ತು. ಘಾಟು ಕಡಿಮೆಯಾದಾಗ ಮಲ್ಲಿಕಸಾಬನೇ ಬೊಗಸೆ ಬೀಜ ತಂದು ಪೈಪಿನ ಬಾಯಿಗೆ ಸುರಿದ. ಪಂಚಮಿಯ ಬೆಳಿಗ್ಗೆಯೂ ಸಾಲು ಕರಗಲಿಲ್ಲ. "ಇವರದೊಂದ ಮುಗೀಲಿ, ನಾಳೆ ಹೋಗೂಣಂತ," ಎಂದು ತಿರಕಪ್ಪ ಒಳಗೆ ಕೂಗಿ ಹೇಳಿದ.

ಚೌಡವ್ವ ಹೊಸ ಸೀರೆಯುಟ್ಟು, ಶೇಂಗಾ ಉಂಡಿಯ ಡಬ್ಬಿ ಹಿಡಿದು ಹೊರಗೆ ಬಂದಳು. ಬಸ್‌ಸ್ಟ್ಯಾಂಡಿಗೆ ಹೊರಟಳೆಂದೇ ತಿರಕಪ್ಪ ತಿಳಿದ. ಅವಳು ಸಾಲು ಸೀಳಿಕೊಂಡು ನೇರ ಬಂದು ಹಿಂದಿನ ಸೀಟು ಏರಿ ಕುಳಿತಳು. ಎತ್ತರದ ಸೈಲೆನ್ಸರ್ ಸರಿಯಾಗಿ ಅವಳ ಮಗ್ಗುಲಿಗೇ ಹೊಗೆ ಕಕ್ಕುತ್ತಿತ್ತು. ಅವಳು ಕೆಮ್ಮಲಿಲ್ಲ, ಕಣ್ಣೂ ಒರೆಸಿಕೊಳ್ಳಲಿಲ್ಲ.

"ಚೌಡವ್ವಕ್ಕಾ, ನಿನಗ ಭಾರೀ ದೃಷ್ಟಿ ಆಗೈತಿ! ಯಾರ ಕಣ್ಣ ಬಿತ್ತವಾ?" ಎಂದಳು ಸಕೀನಾಬಿ.

ಹದಿನಾರು ವರ್ಷ ಮೆಣಸಿನಕಾಯಿ ರಾಶಿಯ ನಡುವೆ ಕುಳಿತವಳಿಗೆ ಯಾವ ಘಾಟು ನಾಟೀತು? ಆ ಮಾತು ಅವಳು ಹೇಳಲಿಲ್ಲ. "ಇದ ಗಾಡೀದ ಕಣ್ಣು ಬಿದ್ದೈತಿ," ಎಂದಳು. "ಹೊಡೀರಿ ಇನ್ನ."

ತಿರಕಪ್ಪ ಹೊಡೆದ. ಕಾಗಿನೆಲೆಯ ದಾರಿಯುದ್ದಕ್ಕೂ ಬಸ್ಸಿನವರು, ಚಕ್ಕಡಿಯವರು ಸೀನುತ್ತ ಬದಿಗೆ ಸರಿದರು. ಹಳ್ಳದಲ್ಲಿ ನೀರು ಮೊಣಕಾಲಿಗೆ ಬಂತು, ಪೈಪಿಗೆ ಬರಲಿಲ್ಲ. ಗಾಡಿ ಗುಡುಗುಡು ಎನ್ನುತ್ತ ಆಚೆ ದಡ ಹತ್ತಿತು. ಬೆನ್ನಿಗೆ ಚೌಡವ್ವನ ಕೈ ಬಿಗಿಯಾಗಿ ಹಿಡಿದದ್ದು ತಿಳಿದು ತಿರಕಪ್ಪನಿಗೆ ಅಳು ಬಂತು. ಈ ಸಲದ್ದು ಘಾಟಿನ ಅಳುವಲ್ಲ. ಇಂಥ ಸುಖವನ್ನು ಹದಿನಾರು ವರ್ಷ ಪರಾತದಲ್ಲಿ ನೆನೆಹಾಕಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ.

ದಡದ ಮೇಲಿಂದಲೇ ಊರು ಕಂಡಾಗ ಗಾಡಿ ನಿಲ್ಲಿಸಿ ಕಿಸೆಯಿಂದ ಪಾನಾ ತೆಗೆದ. "ಅಣ್ಣನ ಮನಿ ಮುಂದ ಎಲ್ಲಾರೂ ಸೀನಿದ್ರ ಛಲೋ ಅನಸೂದಿಲ್ಲ. ಐದ ನಿಮಿಷ, ಪೈಪ್ ಬಿಚ್ಚಿ ಬೀಜ ತಗದಬಿಡ್ತೇನಿ."

ಚೌಡವ್ವ ಅವನ ಕೈಯಿಂದ ಪಾನಾ ಕಸಿದು ಹಳ್ಳಕ್ಕೆ ಎಸೆದಳು.

"ಸೀನ್ಲಿ ಬಿಡ್ರಿ," ಎಂದಳು. "ನೀವು ಬಿಚ್ಚಿದ್ರ ಮತ್ತ ಹದಿನಾರ ವರ್ಷ."