ಗರುಡ ಬಂದಾಗ ಕೈ ಎಲ್ಲಿರಬೇಕು

ಮಂಚೇನಹಳ್ಳಿಯ ಕೆರೆ ಏರಿಯ ಮೇಲೆ ಮೊದಲ ಸಲ ಗರುಡ ನನ್ನ ತಲೆಯ ಮೇಲೇ ಹಾರಿ ಬಂದಾಗ, ಕ್ಯಾಮೆರಾ ಕುತ್ತಿಗೆಯಲ್ಲಿ ಜೋತಾಡುತ್ತಿತ್ತು, ನನ್ನ ಎರಡೂ ಕೈ ಕೆನ್ನೆಯ ಮೇಲಿದ್ದವು. ಗರುಡನನ್ನು ಕಂಡರೆ ಕೈ ಮುಗಿದು ಕೆನ್ನೆ ಮುಟ್ಟಿಕೊಳ್ಳಬೇಕೆಂದು ಅಮ್ಮ ನನಗೆ ನೆಟ್ಟಗೆ ಮಾತು ಬರುವ ಮೊದಲೇ ಕಲಿಸಿದ್ದಳು. ನಲವತ್ತೈದು ವರ್ಷದ ಅಭ್ಯಾಸ, ಹೇಳಿದ ಮಾತು ಕೇಳುತ್ತದೆಯೇ? ಹಕ್ಕಿ ಒಂದು ಸುತ್ತು ಹಾಕಿ ಹೊರಟೇಹೋಯಿತು. ನಾನು ಏರಿಯ ಮೇಲೆ ನಿಂತು ನನ್ನನ್ನೇ ಬೈದುಕೊಂಡೆ.

ನನಗೆ ಆ ಫೋಟೊ ಬೇಕಾಗಿದ್ದದ್ದು ಅಮ್ಮನಿಗಾಗಿ. ಭಾನುವಾರ ಬೆಳಿಗ್ಗೆ ಗರುಡ ದರ್ಶನವಾಗದೆ ಅವಳು ತಿಂಡಿ ಮುಟ್ಟಿದವಳಲ್ಲ. ಸ್ನಾನ ಮಾಡಿ, ಅಂಗಳದಲ್ಲಿ ನಿಂತು, ಕೆರೆಯ ಕಡೆಗೆ ಮುಖ ಎತ್ತಿ ಕಾಯುತ್ತಿದ್ದಳು. ಎರಡು ವರ್ಷದಿಂದ ಬೆನ್ನು ಬಾಗಿಹೋಗಿದೆ. ಈಗ ಅವಳಿಗೆ ಕಾಣುವುದು ನೆಲ, ನಮ್ಮ ಪಾದ, ಹೆಚ್ಚೆಂದರೆ ಬಾಗಿಲಿನ ಚಿಲಕ. ಆದರೂ ಭಾನುವಾರ ಅಂಗಳಕ್ಕೆ ಬರುವುದು ತಪ್ಪಲಿಲ್ಲ. ನಾವು ಯಾರಾದರೂ ಬಂತು ಎಂದರೆ ನೆಲ ನೋಡಿಕೊಂಡೇ ಕೈ ಮುಗಿಯುತ್ತಿದ್ದಳು.

"ನೀವು ಹೇಳಿದ್ದನ್ನ ನಂಬ್ಕೊಂಡು ಮುಗೀತೀನಿ ಕಣೇ," ಅನ್ನುತ್ತಿದ್ದಳು.

ಹೊಟ್ಟೆ ಹಸಿದಿರುತ್ತದಲ್ಲ ಎಂದು ಬಾರದ ಗರುಡನನ್ನು ಎಷ್ಟೋ ಸಲ ಬಂತು ಎಂದಿದ್ದೇನೆ. ಹಾಗೆ ಹೇಳಿ ಅವಳಿಗೆ ಉಪ್ಪಿಟ್ಟು ಬಡಿಸುವಾಗ ನನಗೆ ನಾಚಿಕೆಯಾಗುತ್ತಿತ್ತು. ಅದಕ್ಕೇ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಮೊಳದುದ್ದದ ಒಂದು ಲೆನ್ಸು ತಂದೆ. ಗರುಡ ರೆಕ್ಕೆ ಬಿಚ್ಚಿ ಹಾರುವುದನ್ನು ತೆಗೆದು ಅವಳ ಕೈಗೆ ಕೊಡಬೇಕು, ಅವಳು ತಲೆ ಎತ್ತದೆಯೇ ನೋಡಬೇಕು. ಅಷ್ಟೇ ನನ್ನ ಹಠ.

ಕಲಿಸಿಕೊಟ್ಟವರು ಅಲೀಪುರದ ಭಾಯ್. ಜೀವನವಿಡೀ ಹರಳು ಪಾಲಿಷ್ ಮಾಡಿದವರು, ಈಗ ಕೆಲಸವನ್ನು ಮಕ್ಕಳಿಗೆ ಬಿಟ್ಟು ಹಕ್ಕಿಗಳ ಹಿಂದೆ ಬಿದ್ದಿದ್ದಾರೆ. ಅವರ ಕೈ ಅಲುಗಾಡುವುದಿಲ್ಲ. ಕೆರೆಗೆ ನೀರು ಬಂದ ಮೇಲೆ ಹೆಜ್ಜಾರ್ಲೆಗಳು ಬಂದಿದ್ದವು. ಮೊದಲು ಅವುಗಳ ಮೇಲೆ ನನ್ನ ಅಭ್ಯಾಸ. ಹೆಜ್ಜಾರ್ಲೆ ದೊಡ್ಡ ಹಕ್ಕಿ, ನೀರಿನ ಮೇಲೆ ದಪದಪ ಓಡಿ, ಇನ್ನು ಏಳುವುದೇ ಇಲ್ಲವೇನೋ ಅನ್ನಿಸಿ, ಆಮೇಲೆ ಏಳುತ್ತದೆ. ನಮ್ಮಂಥ ಹೊಸಬರಿಗೆ ಹೇಳಿ ಮಾಡಿಸಿದ ಹಕ್ಕಿ! ಅದು ಹಾರುವ ದಿಕ್ಕಿಗೆ ಸೊಂಟ ತಿರುಗಿಸುತ್ತಾ ಬಟನ್ ಒತ್ತಿ ಹಿಡಿದರೆ ಕ್ಯಾಮೆರಾ ಟಪಟಪಟಪ ಎಂದು ಇಪ್ಪತ್ತು ಮೂವತ್ತು ಫೋಟೊ ತೆಗೆದುಬಿಡುತ್ತದೆ. ಮೊದಲ ವಾರ ನನಗೆ ಸಿಕ್ಕಿದ್ದು ಬರೀ ಬಾಲ. ಮೂರನೇ ವಾರ ಇಡೀ ಹಕ್ಕಿ, ಕಣ್ಣು ಸಮೇತ! ನಾನು ಏರಿಯ ಮೇಲೆ ಕುಣಿದುಬಿಟ್ಟೆ. ಹೈಸ್ಕೂಲು ಟೀಚರ್ ಕುಣಿಯುವುದನ್ನು ನೋಡಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ಕೆಳಗಿಟ್ಟು ನಕ್ಕರು.

ಆದರೆ ಗರುಡ ಬಂದರೆ ಮಾತ್ರ ಅದೇ ಕಥೆ. ಕೈ ತಾನಾಗಿಯೇ ಕೆನ್ನೆಗೆ. ಒಂದಲ್ಲ, ಐದು ಭಾನುವಾರ. ಆರನೆಯ ಭಾನುವಾರ ಭಾಯ್ ತಾಳ್ಮೆ ಕಳೆದುಕೊಂಡರು.

"ಟೀಚರಮ್ಮ, ನಿಮ್ಮ ದೇವ್ರು ಎಲ್ಲೂ ಓಡಿಹೋಗಲ್ಲ. ಹಕ್ಕಿ ಓಡಿಹೋಗ್ತದೆ. ಮೊದ್ಲು ಬಟನ್, ಆಮೇಲೆ ನಮಸ್ಕಾರ."

"ಏನ್ಮಾಡ್ಲಿ ಭಾಯ್, ಕೈ ಕೇಳಲ್ಲ."

ಅವರು ಒಂದು ನಿಮಿಷ ಯೋಚಿಸಿದರು. ಬೈಕಿನಿಂದ ಚಾಪೆ ಬಿಚ್ಚಿ ತಂದು ಏರಿಯ ಮೇಲೆ ಹಾಸಿದರು.

"ಮಲಗ್ಬಿಡಿ. ಕ್ಯಾಮೆರಾ ಮುಖದ ಮೇಲೆ ಎತ್ತಿ ಹಿಡೀರಿ. ಈಗ ಕೈ ಬಿಟ್ರೆ ಲೆನ್ಸು ನಿಮ್ಮ ಮೂಗಿನ ಮೇಲೆ ಬೀಳ್ತದೆ. ಮೂಗು ಬೇಕಾದ್ರೆ ಹಿಡ್ಕೊಳ್ತೀರಿ."

ಸೀರೆ ಸರಿಮಾಡಿಕೊಂಡು, ಹುಲ್ಲಿನ ಹೆಂಗಸರ ಕಡೆ ನೋಡದೆ ಮಲಗಿದೆ. ಮಲಗಿದ ಮೇಲೆ ಗೊತ್ತಾಯಿತು, ಆಕಾಶ ಎಷ್ಟೊಂದಿದೆ! ನಿಂತು ನೋಡುವಾಗ ಅದು ಒಂದು ಪಟ್ಟಿ, ಮಲಗಿದರೆ ಅಂಚೇ ಇಲ್ಲ. ಎಂಟು ಗಂಟೆಯ ಹೊತ್ತಿಗೆ ಗರುಡ ಬಂತು. ಬಿಳಿಯ ತಲೆ, ಬಿಳಿಯ ಎದೆ, ಬಿಸಿಲು ಹಾಯ್ದ ಕಾವಿ ರೆಕ್ಕೆ. ನೇರವಾಗಿ ನನ್ನ ಮೇಲೆ. ಕೈ ಕೆನ್ನೆಯ ಕಡೆಗೆ ಹೊರಟಿತು, ಬೆರಳು ಸಡಿಲವಾಯಿತು, ಲೆನ್ಸು ಮೂಗಿನ ಕಡೆಗೆ ವಾಲಿತು. ಹೆದರಿ ಹಿಡಿದುಕೊಂಡೆ. ಟಪಟಪಟಪ! "ಹಿಡೀರಿ, ಹಿಡೀರಿ, ಬಿಡಬ್ಯಾಡಿ!" ಎಂದು ಭಾಯ್ ನನಗಿಂತ ಜೋರಾಗಿ ಕೂಗುತ್ತಿದ್ದರು.

ಪರದೆಯ ಮೇಲೆ ನೋಡಿದೆವು. ರೆಕ್ಕೆಯ ತುದಿಯ ಗರಿಗಳು ಒಂದೊಂದೂ ಬಿಡಿಬಿಡಿ. ಉಗುರಿನಲ್ಲಿ ಒಂದು ಮೀನು. ನನಗೆ ಅಳು ಬಂತು, ನಗುವೂ ಬಂತು. ಭಾಯ್‌ಗೆ ಥ್ಯಾಂಕ್ಸ್ ಕೂಡ ಹೇಳದೆ ಸ್ಕೂಟರ್ ಹತ್ತಿ ಮನೆಗೆ ಓಡಿಸಿದೆ.

ಅಮ್ಮ ಸ್ನಾನ ಮುಗಿಸಿ ಅಂಗಳದ ಕಟ್ಟೆಯ ಮೇಲೆ ಕೂತಿದ್ದಳು, ಇನ್ನೂ ತಿಂಡಿ ತಿಂದಿರಲಿಲ್ಲ. ಕ್ಯಾಮೆರಾವನ್ನು ಅವಳ ಮಡಿಲಲ್ಲಿಟ್ಟೆ. ಬಾಗಿದ ಮುಖಕ್ಕೆ ಅದು ಸರಿಯಾಗಿಯೇ ಕಂಡಿತು. ತುಂಬ ಹೊತ್ತು ನೋಡಿದಳು.

"ಚೆನ್ನಾಗಿದೆ. ಮೀನು ಬೇರೆ ಹಿಡ್ಕೊಂಡಿದೆ," ಅಂದಳು. ಆಮೇಲೆ ಮೆಲ್ಲಗೆ, "ಸುತ್ತು ಹಾಕಲ್ವೇನೇ ಇದು?"

"ಫೋಟೊ ಅಲ್ವೇನಮ್ಮ, ಹೆಂಗೆ ಸುತ್ತುತ್ತೆ?"

"ಅದೂ ಸರಿಯೇ. ಇಷ್ಟು ನೇರವಾಗಿ ಹೆಂಗೆ ಸಿಕ್ತು ನಿನಗೆ?"

"ಏರಿ ಮೇಲೆ ಅಂಗಾತ ಮಲಗಿದ್ದೆ."

ಅಮ್ಮ ಕ್ಯಾಮೆರಾವನ್ನು ನನ್ನ ಕೈಗೆ ವಾಪಸು ಕೊಟ್ಟಳು. ಆಮೇಲೆ, "ಹಂಗಾದ್ರೆ ನನ್ನೂ ಮಲಗಿಸು," ಅಂದಳು.

ಒಳಗಿನಿಂದ ಬಂದ ನನ್ನ ಗಂಡ, ನಾನು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಕಡೆ ಹಿರಿಯರನ್ನು ಹಗಲು ಹೊತ್ತು ಅಂಗಳದಲ್ಲಿ ಚಾಪೆ ಹಾಸಿ ಅಂಗಾತ ಮಲಗಿಸುವುದು ಒಂದೇ ಸಂದರ್ಭದಲ್ಲಿ. ಎರಡು ವರ್ಷ ಅವಳು ಆಕಾಶ ನೋಡದೆ ಕೂತಿದ್ದರೂ ಈ ಉಪಾಯ ಯಾರಿಗೂ ಹೊಳೆಯದಿದ್ದದ್ದು ಅದಕ್ಕೇ. ಹೊಳೆದಿದ್ದರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಬ್ಯಾಡಮ್ಮ, ಅದು ಸರಿ ಕಾಣಲ್ಲ," ಅಂದೆ.

"ನಾನು ಹೋದ್ಮೇಲೆ ಮಲಗಿಸೇ ಮಲಗಿಸ್ತೀರ. ಆಗ ನನಗೇನು ಕಾಣುತ್ತೆ? ಈಗ್ಲೇ ಮಲಗಿಸು."

ಚಾಪೆ ಹಾಸಿದೆವು. ಬಾಗಿದ ಬೆನ್ನಿಗೆ ಎರಡು ದಿಂಬು, ತಲೆಗೆ ಮೂರು. ನಾನು ಒಂದು ಕಡೆ, ನನ್ನ ಗಂಡ ಇನ್ನೊಂದು ಕಡೆ ಹಿಡಿದು ಮೆಲ್ಲಗೆ ಇಳಿಸಿದೆವು. ಅಮ್ಮ ನೋವಿಗೆ ಒಂದು ಸಲ ಹಲ್ಲು ಕಚ್ಚಿದಳು. ಆಮೇಲೆ ಕಣ್ಣು ಬಿಟ್ಟಳು, ಬಿಟ್ಟ ಕಣ್ಣು ಮುಚ್ಚಲೇ ಇಲ್ಲ. ಕಾದೆವು. ಕೆರೆಯ ಕಡೆಯಿಂದ ಗರುಡ ಬಂತು, ನಮ್ಮ ಮನೆಯ ಮೇಲೆ ಅಗಲವಾಗಿ ಸುತ್ತತೊಡಗಿತು. "ಅಯ್ಯಪ್ಪಾ, ಅಯ್ಯಪ್ಪಾ!" ಎಂದು ಅಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು. ಎರಡು ವರ್ಷದಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದನ್ನು ನಾನು ಕೇಳಿರಲಿಲ್ಲ.

ಆ ಕೂಗಿಗೆ ಪಕ್ಕದ ಮನೆಯ ಅತ್ತೆ ಓಡಿ ಬಂದರು. ಚಾಪೆ, ಅಂಗಾತ ಮಲಗಿದ ಅಮ್ಮ, ಕಣ್ಣೊರೆಸಿಕೊಳ್ಳುತ್ತಿದ್ದ ನಾನು, ಇಷ್ಟನ್ನು ನೋಡಿದವರೇ ಎದೆ ಬಡಿದುಕೊಂಡು, "ಅಯ್ಯೋ, ಯಾವಾಗ ಹೋದ್ರೇ?" ಎಂದು ಅಮ್ಮನ ಮೇಲೆ ಬಾಗಿದರು.

"ಎಲ್ಲೂ ಹೋಗಿಲ್ಲ ಕಣಮ್ಮ," ಅಂದಳು ಅಮ್ಮ, ಕೈಯಿಂದ ಅವರನ್ನು ಪಕ್ಕಕ್ಕೆ ಸರಿಸುತ್ತಾ. "ಸ್ವಲ್ಪ ಆ ಕಡೆ ನಿಂತ್ಕೋ. ಇನ್ನೊಂದು ಸುತ್ತು ಬರ್ತಾ ಇದೆ, ಅಡ್ಡ ಬಂದಿದ್ದೀಯ."