ಹಲೋ ಅಕ್ಕನ ಉದ್ದನೆಯ ವೈರು

ನಮ್ಮ ಶಾಲೆಯ ವಾರ್ಷಿಕ ಸಮಾರಂಭದಲ್ಲಿ ಹಲೋ ಅಕ್ಕ ಮೊದಲು ಕಾಣಿಸಿದ್ದು ಮೇಜಿನ ಕೆಳಗಿನಿಂದ ಹೊರಚಾಚಿದ ಎರಡು ಪಾದಗಳಾಗಿ. ಮುಖ್ಯೋಪಾಧ್ಯಾಯರು ಭಾಷಣ ಮಾಡುತ್ತಿದ್ದರು, ಮೈಕು ಕುಯ್ಯೋ ಎನ್ನುತ್ತಿತ್ತು. ಪಾದಗಳು ಒಮ್ಮೆ ಕೊಸರಿದವು, ಸದ್ದು ಅಡಗಿತು. ಮೇಜಿನ ಬಟ್ಟೆ ಸರಿಸಿ ಒಂದು ತಲೆ ಹೊರಬಂದು, "ಈಗ ಮಾತಾಡಿ ಸಾರ್, ಇಷ್ಟೊತ್ತು ಹೇಳಿದ್ದು ಯಾರಿಗೂ ಕೇಳಿಲ್ಲ" ಎಂದಿತು. ಸಭೆ ನಕ್ಕಿತು. ಮುಖ್ಯೋಪಾಧ್ಯಾಯರು ಮೊದಲ ಪುಟದಿಂದ ಮತ್ತೆ ಶುರುಮಾಡಿದರು. ನಗು ಅಲ್ಲಿಗೆ ನಿಂತಿತು.

ಮೈಕು ಬಾಡಿಗೆಗೆ ಕೊಟ್ಟು, 'ಹಲೋ, ಹಲೋ' ಎಂದು ಪರೀಕ್ಷಿಸುವ ಕಸುಬು ಅವಳಿಗೆ ಅಪ್ಪನಿಂದ ಬಂದದ್ದು. ಎರಡು ಕಹಳೆ ಸ್ಪೀಕರು, ಒಂದು ಆಂಪ್ಲಿಫೈಯರು, ಮಾರುಗಟ್ಟಲೆ ವೈರು, ಜೊತೆಗೆ ಒಂದು ಪದ್ಧತಿ. ಮಾರುಕಟ್ಟೆಯ ವರ್ತಕರ ಸಂಘದ ಸಭೆಯಲ್ಲಿ ಇರುವುದು ಒಂದೇ ಮೈಕು. ಯಾರು ಕೈ ಎತ್ತಿದರೆ ಅವರ ಬಳಿಗೆ ಅದು ಹೋಗಬೇಕು, ಕೊನೆಯ ಬೆಂಚಿನವರಾದರೂ ಸರಿ. ಅವರಾಗಿ ಕೊಡುವ ತನಕ ಕಿತ್ತುಕೊಳ್ಳುವಂತಿಲ್ಲ. ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು, ಕುರ್ಚಿಕಾಲುಗಳಿಗೆ ಸಿಕ್ಕದಂತೆ ಎತ್ತಿ ಹಿಡಿದು, ಅವಳು ಸಭೆಯ ತುಂಬ ಓಡಾಡುತ್ತಿದ್ದಳು. ಅವಳ ತಾಯಿಗೆ ಅದೇ ಮಾರುಕಟ್ಟೆಯ ಬಾಗಿಲಲ್ಲೇ ದಾರ-ಸೂಜಿಯ ಅಂಗಡಿ. ಮುದುಕಿ ಪ್ರತಿವರ್ಷ ಕೈ ಎತ್ತಿ, ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುವಳು. ಪ್ರತಿವರ್ಷವೂ ಕಾರ್ಯದರ್ಶಿ ಗಾಬರಿಯಾಗಿ ಜೇಬು ತಡಕಿಕೊಳ್ಳುವರು.

ಹೀಗಿರುವಾಗ ಕೊಡೆ ಅಂಗಡಿಯವರು ಅಧ್ಯಕ್ಷರಾದರು. ಹಳೆಯ ಸಮಿತಿ ಕೂತಲ್ಲೇ ತೂಕಡಿಸುತ್ತಿತ್ತು. ಇವರು ತಾವೇ ಏಣಿ ಹತ್ತಿ ಸೋರುವ ಸೂರು ಸರಿಮಾಡಿದರು, ಎಲ್ಲರನ್ನೂ ಅಡ್ಡಹೆಸರಿಟ್ಟು ಕರೆದು ನಗಿಸಿದರು. "ಗೆದ್ದಿದ್ದು ನಾನಲ್ಲ, ನೀವು" ಎಂದರು. ಹಲೋ ಅಕ್ಕನಿಗೂ ಅವರೆಂದರೆ ಅಚ್ಚುಮೆಚ್ಚು. ವ್ಯಾಪಾರ ಇಳಿದರೆ ಹೊರಗೆ ಬೀದಿಯಲ್ಲಿ ಕೂತು ಮಾರುವವರ ತಪ್ಪು, ದೀಪ ಹೋದರೆ ಹಳೆಯ ಸಮಿತಿಯ ಪಿತೂರಿ ಎಂದು ಅವರು ಹೇಳಿದಾಗ ಇವಳೂ ತಲೆಯಾಡಿಸಿದಳು. ಬರಬರುತ್ತ ಪ್ರತಿ ಓಣಿಯ ತುದಿಯಲ್ಲೂ ಅಧ್ಯಕ್ಷರ ಪಟ ಬಂತು, ದೂರಿನ ಪೆಟ್ಟಿಗೆ ಹೋಯಿತು. "ನಾನೇ ಇಲ್ಲಿ ಓಡಾಡ್ತಿರುವಾಗ ಪೆಟ್ಟಿಗೆ ಯಾಕೆ? ನೇರ ನನಗೇ ಹೇಳಿ" ಎಂದರು.

"ಪೆಟ್ಟಿಗೆ ಮುಖ ಊದಿಸಿಕೊಳ್ತಿರಲಿಲ್ಲ" ಎಂದಳು ತಾಯಿ.

"ನಿನಗೆ ಎಲ್ಲದರಲ್ಲೂ ಕೊಂಕು, ಅಮ್ಮ."

ವಾರ್ಷಿಕ ಸಭೆ ಹತ್ತಿರ ಬಂದಾಗ ಅಧ್ಯಕ್ಷರು ಅವಳನ್ನು ಕರೆಸಿದರು. "ಅಕ್ಕಾ, ಈ ವೈರು ಎಳೆದಾಡಿ ನಿಮ್ಮ ಹೆಗಲು ಬಿದ್ದುಹೋಗಿದೆ. ಬೆಂಚಿಗೊಂದು ಮೈಕು ಕೂರಿಸಿ. ಅವನ್ನೆಲ್ಲ ಆಫ್ ಮಾಡೋಕೆ ಒಂದು ಸ್ವಿಚ್ಚು ನನ್ನ ಮೇಜಿನ ಮೇಲಿರಲಿ. ಸಭೆ ಅಂದ್ಮೇಲೆ ಶಿಸ್ತು ಬೇಡವಾ? ಅಂಗಡಿ ಬಿಟ್ಟು ಬರೋಕಾಗದವರಿಗೆ ಓಣಿ ಓಣಿಗೂ ಸ್ಪೀಕರು ಹಾಕಿ. ಇನ್ಮೇಲೆ ಮಾರುಕಟ್ಟೆಯ ಮೈಕಿನ ಕೆಲಸವೆಲ್ಲ ಕಾಯಂ ನಿಮ್ಮದೇ."

"ನಿಮ್ಮ ಮೈಕಿಗೂ ಒಂದು ಸ್ವಿಚ್ಚು ಇಡ್ಲಾ?"

"ಇಟ್ಟರೆ ಯಾರಾದ್ರೂ ಒತ್ತುತ್ತಾರೆ. ನನ್ನದು ಯಾವ ಕಾರಣಕ್ಕೂ ಆಫ್ ಆಗಬಾರದು."

ಕಾಯಂ ಕೆಲಸ ಎಂಬ ಮಾತಿಗೆ ಅವಳು ಉಬ್ಬಿಹೋದಳು. ಹೇಳಿದ್ದನ್ನು ಹೇಳಿದಂತೆ ಮಾಡಿಕೊಟ್ಟಳು.

ಸಭೆಯ ದಿನ ಅಧ್ಯಕ್ಷರು ಎಂದಿನಂತೆ ನಗಿಸಿದರು. ನಗು ಇಳಿಯುವ ಮೊದಲೇ, "ಎಲ್ಲರೂ ನನ್ನನ್ನೇ ಆರಿಸೋದಾದ್ರೆ ವರ್ಷಕ್ಕೊಂದು ಚುನಾವಣೆ ಯಾಕೆ? ಒಂದು ದಿನದ ವ್ಯಾಪಾರ ದಂಡ. ಇನ್ಮೇಲೆ ಅದು ಬೇಡ ಅನ್ನೋರು ಕೈ ಎತ್ತಿ" ಎಂದರು. ಕೈಗಳು ಏಳತೊಡಗಿದವು. ಅಷ್ಟರಲ್ಲಿ ತಾಯಿ ಎದ್ದುನಿಂತು ಮುಂದಿದ್ದ ಮೈಕಿಗೆ ಬಾಗಿ, "ಒಂದು ಮಾತು..." ಎಂದಳು. ಟಕ್ ಎಂದಿತು ಸ್ವಿಚ್ಚು. ಮುದುಕಿಯ ತುಟಿ ಮಾತ್ರ ಆಡುತ್ತಿತ್ತು. ಮೈಕನ್ನು ಎರಡು ಸಲ ತಟ್ಟಿ, ಅವಳು ಗೋಡೆಯ ಪಕ್ಕ ಆಂಪ್ಲಿಫೈಯರಿನ ಮುಂದೆ ಕೂತಿದ್ದ ಮಗಳ ಕಡೆ ತಿರುಗಿದಳು.

"ನಿನ್ನ ಮೈಕು ಕೆಟ್ಟಿದೆಯೇನೇ?"

ತನ್ನ ಮೈಕು ಕೆಟ್ಟಿದೆ ಎಂಬ ಮಾತನ್ನು ಹಲೋ ಅಕ್ಕ ಅಪ್ಪನ ಕಾಲದಿಂದಲೂ ಯಾರಿಂದಲೂ ಕೇಳಿರಲಿಲ್ಲ. ಕಿವಿ ಕೆಂಪಗಾಯಿತು. "ಕೆಟ್ಟಿಲ್ಲಮ್ಮ. ಮುಚ್ಚಿದ್ದಾರೆ" ಎಂದಳು. ಹೇಳಿದ ಮೇಲೆಯೇ, ಮುಚ್ಚುವ ಸ್ವಿಚ್ಚನ್ನು ಕೂರಿಸಿದ ಕೈ ತನ್ನದೆಂದು ಅವಳಿಗೆ ಚುರುಕ್ಕೆಂದಿತು.

ವೇದಿಕೆಯ ಮೇಲೆ ಅಧ್ಯಕ್ಷರು ಮುಂದಿದ್ದ ತಮ್ಮ ಮೈಕನ್ನು ಮರೆತು, ಬಾಯಿಗೆ ಕೈ ಅಡ್ಡ ಹಿಡಿದು ಕಾರ್ಯದರ್ಶಿಯ ಕಿವಿಗೆ ಬಾಗಿದರು. ಆ ಪಿಸುಮಾತು ಓಣಿ ಓಣಿಯಲ್ಲೂ ಮೊಳಗಿತು: "ಈ ಚುನಾವಣೆ ತೊಲಗಲಿ, ಆಮೇಲೆ ಈ ಮುದುಕಿ ಅಂಗಡೀನ ಹಿಂದಿನ ಸಾಲಿಗೆ ದಬ್ಬು. ಮಿಕ್ಕವರ ಚಿಂತೆ ಬಿಡು, ಒಂದು ನಗೆಚಟಾಕಿ ಹಾರಿಸಿದ್ರೆ ಚಪ್ಪಾಳೆ ಹೊಡೀತಾರೆ."

ಎದ್ದ ಕೈಗಳು ಎದ್ದಲ್ಲೇ ನಿಂತವು. ಅಧ್ಯಕ್ಷರು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತಿದರು. ಅದು ಮುಚ್ಚುವುದು ಬೇರೆಯವರ ಬಾಯಿಯನ್ನು ಮಾತ್ರ. "ಎಲ್ಲಾ ಕೇಳಿಸ್ತಿದೆ ಸಾರ್" ಎಂಬ ಕಾರ್ಯದರ್ಶಿಯ ಪಿಸುಮಾತೂ ಎಲ್ಲರಿಗೂ ಕೇಳಿಸಿತು. ಕಾರ್ಯದರ್ಶಿ ಓಡಿಬಂದು, "ಮೇನ್ ಆಫ್ ಮಾಡಿ ಅಕ್ಕಾ, ನಿಮ್ಮ ಕಾಯಂ ಕೆಲಸ ನೆನಪಿರಲಿ" ಎಂದರು.

"ಅಧ್ಯಕ್ಷರ ಮೈಕು ಯಾವ ಕಾರಣಕ್ಕೂ ಆಫ್ ಆಗಬಾರದು ಅಂತ ಅಧ್ಯಕ್ಷರೇ ಹೇಳಿದ್ದಾರಲ್ಲ" ಎಂದಳು ಹಲೋ ಅಕ್ಕ.

ಆಮೇಲೆ ಪೆಟ್ಟಿಗೆಯಿಂದ ಅಪ್ಪನ ಹಳೆಯ ಮೈಕು ತೆಗೆದು, ಆಂಪ್ಲಿಫೈಯರಿನ ಖಾಲಿ ತೂತಿಗೆ ಸಿಕ್ಕಿಸಿ, ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ತಾಯಿಯ ಬೆಂಚಿಗೆ ನಡೆದಳು.

ತಾಯಿ ಗಂಟಲು ಸರಿಮಾಡಿಕೊಂಡಳು. "ಸೂರು ಸರಿಮಾಡಿದೀಯಪ್ಪ, ಇಲ್ಲ ಅನ್ನಲ್ಲ. ಮುಂದಿನ ವರ್ಷ ನಿನಗೇ ಓಟು ಹಾಕಿದರೂ ಹಾಕಿಯೇನು. ಹಾಕೋಕೆ ನನ್ನ ಕೈಯಲ್ಲಿ ಒಂದು ಓಟು ಇರಲಿ, ಅಷ್ಟೆ. ಇನ್ನು ಆ ಬೀಗದ ಕೈ..."

ಸಭೆ ಗೊಳ್ಳೆಂದಿತು.

ಮತ್ತೆ ಕೈ ಎತ್ತಿಸಿದಾಗ ಚುನಾವಣೆ ಉಳಿಯಿತು, ಆದರೆ ಕೂದಲೆಳೆಯ ಅಂತರದಲ್ಲಿ. "ಮನಸ್ಸಲ್ಲಿದ್ದದ್ದನ್ನ ಧೈರ್ಯವಾಗಿ ಹೇಳಿದ ಮನುಷ್ಯ" ಎಂದು ಮೆಚ್ಚಿದವರೂ ಇದ್ದರು. ಮುಂದಿನ ವರ್ಷ ಕೊಡೆ ಅಂಗಡಿಯವರೇ ಮತ್ತೆ ಗೆದ್ದರು. ಹಲೋ ಅಕ್ಕನ ಕೆಲಸ ಹೋಯಿತು. ಮದುವೆ, ಶಾಲೆ ಎಂದು ಊರೆಲ್ಲ ಅಲೆದು ಹೊಟ್ಟೆ ಹೊರೆದಳು. ಅದರ ಮುಂದಿನ ವರ್ಷ ಅವರು ಸೋತರು. ಸೋಲುವುದಕ್ಕೆ ಒಂದು ಚುನಾವಣೆಯಂತೂ ಇತ್ತು.

ಈಗ ಸಂಘದ ಸಭೆಗೆ ಮತ್ತೆ ಅವಳದೇ ಮೈಕು, ಅದೇ ಉದ್ದನೆಯ ವೈರು. ಎಲ್ಲರಿಗಿಂತ ಮೊದಲು ಕೈ ಎತ್ತುವವರು ಕೊಡೆ ಅಂಗಡಿಯವರು. ಅವಳು ಕೊನೆಯ ಬೆಂಚಿನ ತನಕ ನಡೆದು ಮೈಕು ಕೊಡುತ್ತಾಳೆ. ಅವರು ಹೊಸ ಸಮಿತಿಯ ಜನ್ಮ ಜಾಲಾಡತೊಡಗಿದರೆ ನಿಲ್ಲಿಸುವವರಿಲ್ಲ. "ಇವನದು ಇನ್ನೂ ಮುಗೀಲಿಲ್ವೇನೇ?" ಎಂದು ತಾಯಿ ಮುಂದಿನ ಸಾಲಿನಿಂದ ಗೊಣಗುತ್ತಾಳೆ. "ಇರಮ್ಮ, ಮೈಕು ಅವರ ಕೈಯಲ್ಲಿದೆ" ಎನ್ನುತ್ತಾಳೆ ಹಲೋ ಅಕ್ಕ. ನೋಯುವ ಹೆಗಲಿನಿಂದ ವೈರನ್ನು ಇನ್ನೊಂದು ಹೆಗಲಿಗೆ ಬದಲಿಸಿ, ಅವರ ಪಕ್ಕದಲ್ಲೇ ನಿಂತಿರುತ್ತಾಳೆ.